ಆಕ್ಷೇಪಣೆ ಇಲ್ಲ ಅನ್ನೋಕೆ ಎಷ್ಟು?

ನಮ್ಮ ಬಸವಾಪಟ್ಟಣದಲ್ಲಿ ಮನೆ ಮಾರಬೇಕೆಂದರೆ ಆಕ್ಷೇಪಣೆ ಪುಕ್ಕಟೆ. ನೀವು ಮಾರುವ ಮನಸ್ಸು ಮಾಡಿದ್ದು ಹೆಂಡತಿಗೆ ಗೊತ್ತಾಗುವ ಮೊದಲೇ ಬಸ್‌ಸ್ಟ್ಯಾಂಡ್ ಹೋಟೆಲಿಗೆ ಗೊತ್ತಾಗಿರುತ್ತದೆ. ಒಬ್ಬ ಮಿರ್ಚಿ ಬಾಯಲ್ಲಿಟ್ಟುಕೊಂಡೇ, "ಅಪ್ಪ ಕಟ್ಟಿಸಿದ ಮನೆ ಕಣಪ್ಪ, ಮಾರಬ್ಯಾಡ" ಅನ್ನುತ್ತಾನೆ. ಇನ್ನೊಬ್ಬ, "ಆ ರೇಟಿಗೆ ಕೊಟ್ರೆ ನಿನ್ನಂಥ ದಡ್ಡ ತಾಲೂಕಲ್ಲೇ ಇಲ್ಲ" ಅನ್ನುತ್ತಾನೆ. ಮೂರನೆಯವನು ಮಂಡಕ್ಕಿ ಮುಕ್ಕುತ್ತಾ, "ಕೊಳ್ಳೋನು ಯಾರು? ಅವನಾ?" ಎಂದು ಕೇಳಿ, ಉತ್ತರ ಬರುವ ಮುಂಚೆಯೇ ಆ ಮನುಷ್ಯನ ಮೂರು ತಲೆಮಾರಿನ ಸಾಲದ ಲೆಕ್ಕ ಒಪ್ಪಿಸುತ್ತಾನೆ. ಅಷ್ಟರಲ್ಲಿ ಪಕ್ಕದ ಮನೆಯವನು ಹಗ್ಗ ತಂದು ನಡುಗೋಡೆ ಅಳೆಯಲು ನಿಂತಿರುತ್ತಾನೆ. ಇಷ್ಟು ಜನ, ಇಷ್ಟು ಆಕ್ಷೇಪಣೆ. ಒಬ್ಬರೂ ಒಂದು ರೂಪಾಯಿ ಕೇಳುವುದಿಲ್ಲ. ಹೆಚ್ಚೆಂದರೆ ಟೀ ಬಿಲ್ಲು ನಿಮ್ಮ ಲೆಕ್ಕಕ್ಕೆ ಬೀಳುತ್ತದೆ.

ಬೆಂಗಳೂರಿನಲ್ಲಿ ಉಲ್ಟಾ. ಅಲ್ಲಿ ಯಾರಿಗೂ ಏನೂ ಆಕ್ಷೇಪಣೆ ಇಲ್ಲ. ಎದುರು ಮನೆಯವನು ಹನ್ನೊಂದು ವರ್ಷ ಲಿಫ್ಟಿನಲ್ಲಿ ನಕ್ಕಿದ್ದಾನೆ, ಹೆಸರು ಮಾತ್ರ ಇವತ್ತಿಗೂ ಗೊತ್ತಿಲ್ಲ. ಆದರೆ ಆ 'ಏನೂ ಆಕ್ಷೇಪಣೆ ಇಲ್ಲ' ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ಸೀಲು ಒತ್ತಿಕೊಡಲು ದುಡ್ಡು ತೆಗೆದುಕೊಳ್ಳುತ್ತಾರೆ. ಅದಕ್ಕೆ ಎನ್‌ಒಸಿ ಅಂತ ಹೆಸರು.

ಇದು ನನಗೆ ಗೊತ್ತಾದದ್ದು ನಮ್ಮ ಭಾವನಿಂದ. ಭಾವ ಅಂದರೆ ಅಕ್ಕನ ಗಂಡ. ಬೆಂಗಳೂರಿನಲ್ಲಿ ಫ್ಲಾಟು ಮಾರಿ, ಇನ್ನು ಊರಲ್ಲೇ ಇದ್ದುಬಿಡುತ್ತೇವೆ ಅಂತ ಅಕ್ಕನನ್ನೂ ನಲವತ್ತೆರಡು ರಟ್ಟಿನ ಪೆಟ್ಟಿಗೆಗಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿಳಿದರು. ಪೆಟ್ಟಿಗೆ ಪಡಸಾಲೆಯಲ್ಲಿ, ಭಾವ ಜಗಲಿಯಲ್ಲಿ, ಅಕ್ಕ ನೆಟ್ಟಗೆ ಅಡುಗೆಮನೆಯಲ್ಲಿ. ಸಂಜೆ ನಾಲ್ಕು ಜನ ಜಗಲಿಗೆ ಬಂದು ಕೂತರು. ಊರವರ ಪ್ರಶ್ನೆ ಒಂದೇ: "ಎಷ್ಟಕ್ಕೆ ಹೋಯ್ತು?"

ಭಾವ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲೇ ಇಲ್ಲ. ಜೇಬಿನಿಂದ ಒಂದು ಮಡಿಸಿದ ಹಾಳೆ ತೆಗೆದು, "ಎಷ್ಟು ಹೋಯ್ತು ಅಂತ ಕೇಳ್ರಿ" ಅಂದರು.

ಹಾಳೆ ನೋಡಿದರೆ ಮದುವೆ ದಿನಸಿ ಪಟ್ಟಿಯಷ್ಟು ಉದ್ದ. ವರ್ಗಾವಣೆ ಶುಲ್ಕ, ಚದರಡಿಗೆ 20 ರೂಪಾಯಿಯಂತೆ 1,250 ಚದರಡಿಗೆ 25,000. ಎನ್‌ಒಸಿ ಪತ್ರಕ್ಕೆ 2,500, ಅದರ ಮೇಲೆ ಜಿಎಸ್‌ಟಿ 450. ಸಾಮಾನು ಇಳಿಸಿ ಹೋಗುವುದಕ್ಕೆ ಮೂವ್‌ಔಟ್ ಚಾರ್ಜು 5,000. ಲಿಫ್ಟಿಗೆ 10,000 ಡಿಪಾಜಿಟ್, ಅದರಲ್ಲಿ ಒಳಗಿನ ತಗಡಿಗೆ ಗೀರು ಬಿದ್ದಿದೆಯೆಂದು 3,000 ಕಡಿತ. ಕೊನೆಗೆ, ಇನ್ನೂ ಹಚ್ಚದ ಬಣ್ಣದ ಪಾಲು. ಮುಂದಿನ ವರ್ಷ ಕಟ್ಟಡಕ್ಕೆ ಬಣ್ಣ ಹಚ್ಚುವುದಿದೆಯಂತೆ, ತೀರ್ಮಾನ ಆಗುವಾಗ ಭಾವ ಮಾಲೀಕರಾಗಿದ್ದರಂತೆ.

"ಅಲ್ರೀ, ಆ ಬಣ್ಣ ನೀವು ನೋಡಂಗಿಲ್ಲಲ್ಲ?" ಅಂದ ಮಂಡಿಯ ದಲ್ಲಾಳಿ.

"ಫೋಟೋ ಕಳಿಸ್ತೀವಿ ಅಂದಿದಾರೆ" ಅಂದರು ಭಾವ.

ನಾನು ಅಡಿಕೆ ಬೆಳೆಗಾರ. ಮಾರುವವನ ಕೈಯಿಂದ ದುಡ್ಡು ಉದುರುವುದು ನನಗೆ ಹೊಸದೇನಲ್ಲ. ಚನ್ನಗಿರಿ ಮಂಡಿಗೆ ರಾಶಿ ಅಡಿಕೆ ಒಯ್ದರೆ ಲಾರಿ ಬಾಡಿಗೆ, ಹಮಾಲಿ, ತೂಕ, ಸ್ಯಾಂಪಲ್ಲು ಅಂತ ಮುಷ್ಟಿ ಮುಷ್ಟಿ ತೆಗೆಯುವುದು ಎಲ್ಲ ಕಂಡಿದ್ದೇನೆ. ಆದರೂ ಅಲ್ಲಿ ಒಂದು ಸಮಾಧಾನ ಇರುತ್ತದೆ. ಹಮಾಲಿ ಅಂತ ಕೊಟ್ಟರೆ ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಚೀಲ ಎತ್ತಿದ್ದು ಕಣ್ಣಿಗೆ ಕಾಣುತ್ತದೆ. ಭಾವನ 25,000ಕ್ಕೆ ಯಾರು ಏನು ಎತ್ತಿದರು? ಕೇಳಿದೆ. ಭಾವ ಯೋಚಿಸಿ, "ಪೆನ್ನು" ಅಂದರು.

ಆ ಪೆನ್ನು ಎತ್ತಿದವರೂ ಅಸೋಸಿಯೇಷನ್ನಿನವರಲ್ಲವಂತೆ. ಅಸೋಸಿಯೇಷನ್ನು ಅಂದರೆ ಅಲ್ಲಿರುವ ಮಾಲೀಕರೇ. ಅವರಿಗೆ ಕೆಲಸ, ಟ್ರಾಫಿಕ್ಕು, ಪುರುಸೊತ್ತಿಲ್ಲ. ಅದಕ್ಕೇ ನೋಡಿಕೊಳ್ಳಲು ಒಂದು ನಿರ್ವಹಣಾ ಕಂಪನಿ ಇಟ್ಟಿದ್ದಾರೆ. ಕಂಪನಿ ಒಬ್ಬ ಮ್ಯಾನೇಜರನ್ನು ಇಟ್ಟಿದೆ. ಮ್ಯಾನೇಜರು ಮೊಬೈಲ್ ಆ್ಯಪ್ ಒಂದನ್ನು ಇಟ್ಟಿದ್ದಾನೆ. ಭಾವ ಅರ್ಜಿ ಹಾಕಿದರೆ ಆ್ಯಪು, 'ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ' ಅಂದಿತು. ಹದಿನೈದು ದಿನವೂ ಅದನ್ನೇ ಅಂದಿತು. ಕೊನೆಗೆ ಭಾವ ಕೆಳಗಿಳಿದು ಹೋಗಿ ಮ್ಯಾನೇಜರ ಮುಂದೆ ನಿಂತರೆ, ಆತ ಫೋನಿನಿಂದ ತಲೆ ಎತ್ತದೆ, "ಸಾರ್, ಆ್ಯಪಲ್ಲಿ ಹಾಕಿ" ಅಂದನಂತೆ.

"ಹಾಗಾದ್ರೆ ಎನ್‌ಒಸಿ ಇಲ್ಲದೇ ರಿಜಿಸ್ಟರ್ ಮಾಡಿಸಿಬಿಡೋದಪ್ಪ" ಅಂದರು ನಮ್ಮ ರಿಟೈರ್ಡ್ ಮೇಷ್ಟ್ರು.

ಭಾವನೂ ಹಾಗೇ ಅಂದುಕೊಂಡಿದ್ದರು. ಆದರೆ ಅವರ ಎನ್‌ಒಸಿ ಮೇಲೆ ಕಣ್ಣಿಟ್ಟವರು ಸಬ್ ರಿಜಿಸ್ಟ್ರಾರ್ ಅಲ್ಲ, ಕೊಳ್ಳುವವನ ಬ್ಯಾಂಕು. ಸಾಲ ಕೊಡುವ ಬ್ಯಾಂಕಿಗೆ ಆ ಕಾಗದ ಬೇಕು. ಕಾಗದ ಬೇಕಾದ್ದು ಬ್ಯಾಂಕಿಗೆ, ಕೊಡಬೇಕಾದ್ದು ಕಂಪನಿ, ದುಡ್ಡು ಕಟ್ಟಬೇಕಾದ್ದು ಭಾವ. ಇಂಥ ತ್ರಿಕೋನದ ಲೆಕ್ಕ ಮೇಷ್ಟ್ರು ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಬೋರ್ಡಿನ ಮೇಲೆ ಬಿಡಿಸಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಬ್ಯಾಂಕಿನವರದೂ ತಪ್ಪಲ್ಲ. ಕರ್ನಾಟಕದ ಅಪಾರ್ಟ್‌ಮೆಂಟ್ ಮಾಲೀಕತ್ವದ ಕಾಯ್ದೆ 1972ರದು. ಅಂದರೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವುದಕ್ಕೂ ಒಂದು ವರ್ಷ ಹಿರಿಯದು. ಆಗ ಬಸವಾಪಟ್ಟಣದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿದವನನ್ನೇ ಜನ ತಲೆ ಎತ್ತಿ ನೋಡುತ್ತಿದ್ದರು. ಆ ಕಾಯ್ದೆ ಹೇಳುವುದು ಇಷ್ಟು: ಸಾಮೂಹಿಕ ಖರ್ಚಿನ ಬಾಕಿ ಉಳಿಸಿಕೊಂಡು ಯಾರಾದರೂ ಮನೆ ಮಾರಿದರೆ, ಆ ಬಾಕಿಗೆ ಮಾರಿದವನೂ ಹೊಣೆ, ಕೊಂಡವನೂ ಹೊಣೆ. ಬಾಕಿ ಮನೆಯ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ನಮ್ಮ ಪಹಣಿಯ ಹನ್ನೊಂದನೇ ಕಾಲಂನಲ್ಲಿ ಸೊಸೈಟಿ ಸಾಲ ಕೂತಿರುವುದಿಲ್ಲವೇ, ಹಾಗೆ. ಅದಕ್ಕೇ ಕೊಳ್ಳುವವನು, 'ಈ ಮನೆಯ ಮೇಲೆ ಎಷ್ಟು ಬಾಕಿ ಇದೆ, ಪಟ್ಟಿ ಕೊಡಿ' ಎಂದು ಕೇಳಬಹುದು. ಪಟ್ಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚಿನ ಹಳೇ ಬಾಕಿಯನ್ನು ಆಮೇಲೆ ಅವನ ತಲೆಗೆ ಕಟ್ಟುವಂತಿಲ್ಲ. ಬಹಳ ಒಳ್ಳೆಯ ಏರ್ಪಾಡು. ಕಾಯ್ದೆ ಬರೆದವರು ಬಾಕಿಯ ಪಟ್ಟಿ ಕೊಡಿ ಅಂದರು. ಕೊಡುವವರು ಅದನ್ನು ಆಕ್ಷೇಪಣೆ ಇಲ್ಲದ ಪತ್ರ ಮಾಡಿಕೊಂಡರು. ಬಾಕಿ ಎಷ್ಟಿದೆ ಎಂದು ಹೇಳುವುದು ಗುಮಾಸ್ತನ ಕೆಲಸ, ಆಕ್ಷೇಪಣೆ ಇಲ್ಲ ಎನ್ನುವುದು ಯಜಮಾನನ ಕೆಲಸ. ರೇಟು ಏರಿದ್ದು ಅಲ್ಲೇ ಅಂತ ನನ್ನ ಗುಮಾನಿ.

ಮೇಷ್ಟ್ರಿಗೆ ಸಿಟ್ಟು ಬಂದದ್ದು ಜಿಎಸ್‌ಟಿ ಸಾಲು ನೋಡಿ. ಮಾತು ತಿಂಗಳ ನಿರ್ವಹಣೆ ಶುಲ್ಕದ ತೆರಿಗೆಗೂ ಹೊರಳಿತು. ಆ ಶುಲ್ಕ 7,500 ರೂಪಾಯಿವರೆಗೆ ಇದ್ದರೆ ತೆರಿಗೆ ಇಲ್ಲ, ದಾಟಿದರೆ ಶೇ 18. ಸರಿ. ಆದರೆ ದಾಟಿದ್ದಕ್ಕೆ ಮಾತ್ರವೋ, ಪೂರ್ತಿಗೋ? 2019ರಲ್ಲಿ ಕೇಂದ್ರ ಸರ್ಕಾರ ಪೂರ್ತಿಗೆ ಅಂದಿತು. 2021ರಲ್ಲಿ ಮದ್ರಾಸ್ ಹೈಕೋರ್ಟು ದಾಟಿದ್ದಕ್ಕೆ ಮಾತ್ರ ಅಂದಿತು. ಭಾವ ಕಟ್ಟುತ್ತಿದ್ದದ್ದು ತಿಂಗಳಿಗೆ 7,600. ನೂರು ರೂಪಾಯಿಯ ಮೇಲಿನ ತೆರಿಗೆ 18 ರೂಪಾಯಿ, ಪೂರ್ತಿಯ ಮೇಲಿನದು 1,368. "ಒಂದೇ ದೇಶ, ಒಂದೇ ತೆರಿಗೆ, ಉತ್ತರ ಮಾತ್ರ ಎರಡು" ಎಂದು ಮೇಷ್ಟ್ರು ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು.

ಮಹಾರಾಷ್ಟ್ರದವರು ಈ ವಿಷಯದಲ್ಲಿ ನಮಗಿಂತ ಮುಂದೆ. ಮುಂಬಯಿಯಲ್ಲಿ ಹೌಸಿಂಗ್ ಸೊಸೈಟಿಗಳು ಫ್ಲಾಟು ಕೈ ಬದಲಾಯಿಸಿದಾಗಲೆಲ್ಲ ಪ್ರೀಮಿಯಂ ಅಂತ ಕೀಳುತ್ತಿದ್ದವು. 2001ರಲ್ಲಿ ಅಲ್ಲಿನ ಸರ್ಕಾರ, ಏನೇ ಆದರೂ 25,000 ದಾಟಬಾರದು ಎಂದು ಗೆರೆ ಎಳೆಯಿತು. ಗೆರೆ ಎಳೆದ ಮೇಲೆ ಅದರೊಳಗೆ ನಿಲ್ಲುವರೆಂದೇನಿಲ್ಲ. ದೇಣಿಗೆ, ಅಭಿವೃದ್ಧಿ ನಿಧಿ ಅಂತ ಬೇರೆ ಬೇರೆ ಹೆಸರಲ್ಲಿ ಕೇಳಿದ ಜಗಳಗಳು ಕೋರ್ಟು ಹತ್ತಿವೆ. ನಮ್ಮ 1972ರ ಕಾಯ್ದೆಯಲ್ಲಿ ಅಂಥ ಗೆರೆಯೇ ಇಲ್ಲ. ಭಾವನ ಅಸೋಸಿಯೇಷನ್ನಿನವರು ಸರಿಯಾಗಿ 25,000ಕ್ಕೇ ನಿಲ್ಲಿಸಿದ್ದಾರೆಂದರೆ ಅವರಲ್ಲಿ ಯಾರೋ ಮುಂಬಯಿ ಕಡೆಯವರು ಇರಬೇಕು.

ಇದು ಬೆಂಗಳೂರಿನ ರೋಗ ಅಂತ ನಾವು ಜಗಲಿಯಲ್ಲಿ ತೀರ್ಪು ಕೊಡುವ ಹೊತ್ತಿಗೆ, ಡಲ್ಲಾಸಿನಲ್ಲಿರುವ ಅಕ್ಕನ ಮಗನ ಫೋನು ಬಂತು. ಭಾವ ಅದನ್ನು ಸ್ಪೀಕರಿಗೆ ಹಾಕಿದರು. ಅವನೂ ಹೋದ ವರ್ಷ ಮನೆ ಮಾರಿದವನು. ಅದು ಫ್ಲಾಟಲ್ಲ, ಸ್ವಂತ ಜಾಗದ, ಸ್ವಂತ ಹೆಂಚಿನ, ಸ್ವಂತ ಗೇಟಿನ ಮನೆ. ಅಲ್ಲೂ ಬಡಾವಣೆಗೆ ಒಂದು ಸಂಘ, ಸಂಘಕ್ಕೆ ಒಂದು ಕಂಪನಿ. ಮಾರುವಾಗ ಬಾಕಿ ಇಲ್ಲ, ನಿಯಮ ಮುರಿದಿಲ್ಲ ಎಂಬ ಸರ್ಟಿಫಿಕೇಟು ಬೇಕು. ಟೆಕ್ಸಾಸಿನಲ್ಲಿ ಅದರ ಹಾವಳಿ ಎಷ್ಟಾಯಿತೆಂದರೆ 2021ರಲ್ಲಿ ಕಾನೂನು ತಂದು, 375 ಡಾಲರಿಗಿಂತ ಹೆಚ್ಚು ಕೀಳಬೇಡಿ ಅಂದರು. ಫ್ಲೋರಿಡಾದಲ್ಲಿ 2017ರಲ್ಲಿ 250 ಡಾಲರ್ ಅಂತ ಮಿತಿ ಹಾಕಿ, ಬೆಲೆ ಏರಿತೆಂದು 2022ರಲ್ಲಿ ಅದನ್ನು 299ಕ್ಕೆ ಏರಿಸಿದರು. ಇಂಗ್ಲೆಂಡಿನ ಫ್ಲಾಟುಗಳದು ಇನ್ನೊಂದು ಕಥೆ. ಅಲ್ಲಿ ಹೆಚ್ಚಿನವು ದೀರ್ಘ ಗುತ್ತಿಗೆಯವು, ನೆಲದ ಒಡೆಯ ಬೇರೆ. ಮಾರುವವನ ವಕೀಲ ಕಳಿಸುವ ಪ್ರಶ್ನೆಪತ್ರಿಕೆಗೆ ನಿರ್ವಹಣೆಯ ಏಜೆಂಟು ಉತ್ತರ ಬರೆದುಕೊಡಬೇಕು, ಆ ಉತ್ತರಕ್ಕೆ ನೂರಾರು ಪೌಂಡು. ಇಷ್ಟು ಕೇಳಿ ಮೇಷ್ಟ್ರಿಗೆ ನಿಜಕ್ಕೂ ಬೇಜಾರಾಯಿತು. ಅವರು ಜೀವಮಾನವಿಡೀ ಉತ್ತರ ಬರೆಸಿದ್ದರು, ಬರೆಸಿದ್ದಕ್ಕೆ ಸಂಬಳ ಬಿಟ್ಟು ಬಿಡಿಗಾಸು ಕಂಡಿರಲಿಲ್ಲ.

"ಮಾಮ, ಮನೆ ಮುಂದೆ ಹುಲ್ಲು ಎತ್ತರ ಬೆಳೆದ್ರೂ ನೋಟೀಸು ಕೊಡ್ತಾರೆ ಇಲ್ಲಿ" ಅಂದ ಹುಡುಗ.

"ಎಮ್ಮೆ ಕಟ್ಟೋದಲ್ವೇನೋ?" ಅಂದೆ.

"ಎಮ್ಮೆಗೂ ನೋಟೀಸು ಕೊಡ್ತಾರೆ."

ಈ ಮಾತು ಕೇಳಿದ ಮೇಲೆ ನನಗೆ ಊರಿನ ಅಭಿಮಾನ ಉಕ್ಕಿತು. ನಮ್ಮೂರನ್ನು ಏನಂದುಕೊಂಡಿದ್ದೀರಿ? ಮೇಲೆ ಆ ಗುಡ್ಡದಲ್ಲಿ ಕೋಟೆ ಇದೆ. ಅದರಲ್ಲಿದ್ದ ನಾಯಕರು ಬಿಜಾಪುರದವರ ಕಾಟ ತಾಳದೆ ಕೋಟೆ ಬಿಟ್ಟು ನಡೆದರು, ಆಮೇಲೆ ತರೀಕೆರೆಯಲ್ಲಿ ನೆಲೆ ಊರಿ ತರೀಕೆರೆ ಪಾಳೆಯಗಾರರೆನಿಸಿಕೊಂಡರು. ಆನೆ, ಕುದುರೆ, ಖಜಾನೆ, ಕುಲದೇವರು ಎಲ್ಲ ಹೊತ್ತು ಹೊರಟಿರಬೇಕು. ಅಂಥ ಸಾಗಾಣಿಕೆಗೆ ಯಾರಾದರೂ ಮೂವ್‌ಔಟ್ ಚಾರ್ಜು ಕೇಳಿದರೇ? ಕೋಟೆ ಬಾಗಿಲಿಗೆ ಗೀರು ಬಿದ್ದಿದೆ ಅಂತ ಬಿಜಾಪುರದವರು ಡಿಪಾಜಿಟ್ಟಿನಲ್ಲಿ ಹಿಡಿದುಕೊಂಡರೇ? ಹೀಗೆಂದು ನಾನು ಜಗಲಿ ಅದುರುವಂತೆ ಕೇಳಿದೆ. ದಲ್ಲಾಳಿ ಚಪ್ಪಾಳೆ ಹೊಡೆದ. ಭಾವ ಮಾತ್ರ, "ಕೋಟೆನೇ ಹೋಯ್ತಲ್ಲಪ್ಪ, ಅದಕ್ಕಿಂತ ದೊಡ್ಡ ಚಾರ್ಜ್ ಯಾವ್ದು?" ಅಂದರು. ಬೆಂಗಳೂರಿನಲ್ಲಿ ಇದ್ದವರಿಗೆ ಇತಿಹಾಸದ ಗೌರವ ಕಮ್ಮಿ.

ಈಗಿನ ಕಾಲದ್ದೇ ಹೇಳುತ್ತೇನೆ. ಇಲ್ಲಿ ಮನೆ ಮಾರಲು ಏನು ಬೇಕು? ಪಂಚಾಯ್ತಿಯಲ್ಲಿ ಕಂದಾಯದ ಬಾಕಿ ಚುಕ್ತಾ ಮಾಡಿ ಇ-ಸ್ವತ್ತಿನ ಫಾರಂ 9, ಫಾರಂ 11 ತೆಗೆಸಬೇಕು. ಬರೆಯುವವರ ಹತ್ತಿರ ಪತ್ರ ಬರೆಸಿ ಚನ್ನಗಿರಿಗೆ ಹೋಗಬೇಕು. ಮುದ್ರಾಂಕ, ನೋಂದಣಿ ಕೊಳ್ಳುವವನ ಪಾಲು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತಲ್ಲ, ಅದಕ್ಕೆ ಕೊಳ್ಳುವವನು ಅಳಲಿ. ಮಾರುವವನಿಗೆ ಸರ್ವರ್ ಬರುವವರೆಗೆ ಮರದ ಕೆಳಗೆ ಕಾಯುವುದೊಂದೇ ಖರ್ಚು. ನಾವು ಹಿತ್ತಲ ಕಡೆಯ ಹಳೇ ಮನೆ ಮಾರಿದಾಗ ಇ-ಸ್ವತ್ತು ಇರಲಿಲ್ಲ, ಮಿಕ್ಕಿದ್ದೆಲ್ಲ ಹೀಗೇ ಮುಗಿಯಿತು.

"ಹೀಗೇ ಮುಗೀತಾ?" ಅಂದಳು ಅಕ್ಕ. ಬಾಗಿಲ ಬಳಿ ಟೀ ತಟ್ಟೆ ಹಿಡಿದು ಯಾವಾಗ ಬಂದಳೋ ತಿಳಿಯದು.

"ಮತ್ತಿನ್ನೇನು?" ಅಂದೆ. ಮಾತಿನ ಭರದಲ್ಲಿ ಆ ದಿನದ ಕಥೆಯನ್ನೂ ಹೇಳಿದೆ. 2011. ಅಪ್ಪ ಹೋದ ಮಾರನೇ ವರ್ಷ. ಕೊಳ್ಳುವವನ ವಕೀಲ, ಅಕ್ಕನ ಸಹಿ ಇಲ್ಲದೆ ಆಗುವುದಿಲ್ಲ ಅಂದ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ದೇಶಕ್ಕಿಂತ ಹನ್ನೊಂದು ವರ್ಷ ಮೊದಲೇ. ಆದರೆ ಅದರಲ್ಲಿ ಒಂದು ಕೊಕ್ಕೆ: ಅದಕ್ಕೂ ಮುಂಚೆ ಮದುವೆಯಾದವರಿಗೆ ಇಲ್ಲ. ಅಕ್ಕನ ಮದುವೆ 1986ರಲ್ಲಿ. ನಾವು ಗಂಡುಮಕ್ಕಳು ನೆಮ್ಮದಿಯಾಗಿದ್ದೆವು. 2005ರಲ್ಲಿ ಕೇಂದ್ರದವರು ತಿದ್ದುಪಡಿ ತಂದು ಆ ಕೊಕ್ಕೆಯನ್ನೇ ಕಿತ್ತುಹಾಕಿದರು. ಹಾಗಾಗಿ ಅಕ್ಕ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದು ಚನ್ನಗಿರಿಯಲ್ಲಿ ಇಳಿದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಎರಡು ನಿಮಿಷ. ಆ್ಯಪಿಲ್ಲ, ಮ್ಯಾನೇಜರಿಲ್ಲ, ಚದರಡಿಗೆ ಇಷ್ಟು ಅಂತಿಲ್ಲ. ನಾನೇ ಒಂದು ಇಳಕಲ್ ಸೀರೆ ಕೊಡಿಸಿ, ಎದುರು ಹೋಟೆಲಿನಲ್ಲಿ ಬೆಣ್ಣೆದೋಸೆ ತಿನ್ನಿಸಿ ಬಸ್ಸು ಹತ್ತಿಸಿದೆ. ಇದಪ್ಪಾ ವ್ಯವಹಾರ ಅಂದರೆ!

ಜಗಲಿಯಲ್ಲಿ ಯಾರೂ ನಗಲಿಲ್ಲ. ಮೇಷ್ಟ್ರು ಲೋಟದೊಳಗೆ ನೋಡುತ್ತಿದ್ದರು. ನನ್ನ ಹೆಂಡತಿ ಒಳಗಿನಿಂದ ಒಂದು ಪಾತ್ರೆಯನ್ನು ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿ ಇಟ್ಟಳು.

"ಸೀರೆ ಚೆನ್ನಾಗೇ ಇತ್ತು" ಅಂದಳು ಅಕ್ಕ, ಟೀ ಹಂಚುತ್ತಾ. "ಎರಡನೇ ಒಗೆತಕ್ಕೆ ಬಣ್ಣ ಬಿಡ್ತು, ಅದು ಬೇರೆ ಮಾತು. ನಿನ್ನ ಭಾವನ ಅಸೋಸಿಯೇಷನ್‌ನೋರು ಆಕ್ಷೇಪಣೆ ಇಲ್ಲ ಅನ್ನೋಕೆ ವರ್ಗಾವಣೆ ಶುಲ್ಕ ಅಂತ 25,000 ತಗೊಂಡ್ರು ಅಂತ ನೀನು ಸಂಜೆಯಿಂದ ಕೂಗ್ತಾ ಇದ್ದೀಯ. ಆ ಮನೇಲಿ ಅವರಿಗೆ ಪಾಲೇ ಇರಲಿಲ್ಲ. ನನ್ನದು ಮೂರನೇ ಒಂದು ಪಾಲು ಇತ್ತಲ್ಲೋ ತಮ್ಮಾ, ನಾನು ಎಷ್ಟು ಕೇಳಬೇಕಿತ್ತು?"

"ಅಕ್ಕಾ, ಅದು ಪ್ರೀತಿ ವಿಶ್ವಾಸದ್ದು..."

"ಹೂಂ. ಸೂಳೆಕೆರೆ ಕಥೆ ಅಜ್ಜಿ ನಮ್ಮಿಬ್ಬರಿಗೂ ಹೇಳಿದ್ದು. ನಿನಗೆ ನೆನಪಿಲ್ಲ ಅಂತ ಕಾಣುತ್ತೆ."

ನೆನಪಿಲ್ಲದೇ ಏನು. ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ ಅದು? ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಳಂತೆ. ಆ ಜಾಗ ಸೂಳೆಯರದು. ಬಿಟ್ಟುಕೊಡಿ ಎಂದು ಕೇಳಿದಾಗ ಅವರು ಹಾಕಿದ ಕರಾರು ಒಂದೇ, ಕೆರೆಗೆ ನಮ್ಮ ಹೆಸರೇ ಇರಬೇಕು. ಸರ್ಕಾರ ಶಾಂತಿಸಾಗರ ಅಂತ ಎಷ್ಟೇ ಬೋರ್ಡು ಬರೆಸಿದರೂ ಇವತ್ತಿಗೂ ಎಲ್ಲರ ಬಾಯಲ್ಲಿ ಅದು ಸೂಳೆಕೆರೆಯೇ.

"ಅವರು ಜಾಣೆಯರು ಕಣೋ" ಅಂದಳು ಅಕ್ಕ. "ನೆಲ ಬಿಟ್ಟರೂ ಹೆಸರು ಬಿಡಲಿಲ್ಲ. ನಾನು ಎರಡೂ ಬಿಟ್ಟು ದೋಸೆ ತಿಂದು ಬಂದೆ."

ಭಾವ ಆ ಹಾಳೆಯನ್ನು ಬಹಳ ನಿಧಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಅವರ ಮುಖದಲ್ಲಿ, ಆ ಫ್ಲಾಟು ಮಾರಿದಂದಿನಿಂದ ನಾನು ಮೊದಲ ಸಲ ಕಂಡ ಸಂತೋಷ ಇತ್ತು.

ಅಕ್ಕ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಎದ್ದಳು. ಬಾಗಿಲ ಬಳಿ ನಿಂತು, ಬದನೆಕಾಯಿ ರೇಟು ಕೇಳುವಷ್ಟೇ ಸಲೀಸಾಗಿ ಕೇಳಿದಳು. "ನಾವು ಇಲ್ಲೇ ಒಂದು ಮನೆ ಕಟ್ಟಬೇಕು ಅಂತಿದ್ದೀವಿ. ಬಾವಿ ಹತ್ತಿರ ಆ ಖಾಲಿ ಜಾಗ ಇದೆಯಲ್ಲ, ಅಪ್ಪಂದು. ಅದು ನಿನ್ನ ಹೆಸರಿಗೆ ಬಂದಿದ್ದೂ ನಾನು ಅವತ್ತು ಹಾಕಿದ ಅದೇ ಸಹಿಯಿಂದ. ಅದನ್ನ ನನಗೆ ಕೊಡು. ನಿನ್ನ ಟ್ರಾನ್ಸ್‌ಫರ್ ಫೀಸ್ ಎಷ್ಟು ಅಂತ ಹೇಳು. ಚದರಡಿ ಲೆಕ್ಕನೋ, ಸೀರೆ ಲೆಕ್ಕನೋ?"

ನಾನು ಎಲೆಯಡಿಕೆ ಡಬ್ಬಿ ಎಳೆದುಕೊಂಡೆ. ಸುಣ್ಣ ಮುಗಿದಿತ್ತು. ದಲ್ಲಾಳಿ ಹೆಗಲಿನಿಂದ ಟವೆಲ್ಲು ತೆಗೆದು ಕೊಡವಿ, ದನದ ಜಾತ್ರೆಯಲ್ಲಿ ಮಾಡುವ ಹಾಗೆ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳು ಎಂದು ನನ್ನ ಕಡೆ ಚಾಚಿದ.